ಒಂದೇ ಬಿಳಿ ಕುಪ್ಯ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಮಡಿಕೇರಿಯಲ್ಲಿ ಇಷ್ಟು ಜನ ನಾಟಕದ ಬಗ್ಗೆ ಕೇಳಲು ಬಂದಿದ್ದೀರಿ, ಖುಷಿಯಾಯಿತು.

ನಾನು ಚಿಕ್ಕವಳಿದ್ದಾಗ ಒಂದು ಸಂಜೆ ತೋಟದ ಆಚೆಯಿಂದ ಕೋವಿಯ ಸದ್ದು ಕೇಳಿತು. ಅಕ್ಕಿ ಆರಿಸುತ್ತಿದ್ದ ಅಮ್ಮನ ಕೈ ತಟ್ಟನೆ ನಿಂತಿತು. ಅಷ್ಟರಲ್ಲೇ ಇನ್ನೊಂದು ಸದ್ದು. ಅಮ್ಮ ಮೊರ ಪಕ್ಕಕ್ಕಿಟ್ಟು, "ಯಾರೋ ಹೋದ್ರು" ಅಂದರು. ನಮ್ಮ ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಇಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಉಳಿದಿರುವುದು ಆ ಎರಡು ಸದ್ದುಗಳ ನಡುವೆ ಅಮ್ಮ ತಡೆಹಿಡಿದ ಉಸಿರು. ಹುಟ್ಟೋ, ಸಾವೋ?

'ರೋಮಿಯೋ ಮತ್ತು ಜೂಲಿಯೆಟ್' ಓದುವಾಗೆಲ್ಲ ನನಗೆ ಆ ಉಸಿರೇ ನೆನಪಾಗುತ್ತದೆ. ಶೇಕ್ಸ್‌ಪಿಯರ್ ಇದನ್ನು 1595ರ ಸುಮಾರಿಗೆ ಬರೆದ. ಇಬ್ಬರೂ ಸಾಯುತ್ತಾರೆ ಅಂತ ಪರದೆ ಏಳುವ ಮೊದಲೇ ಹೇಳಿಬಿಡುತ್ತಾನೆ. ಆಮೇಲೆ ಮದುವೆಯ ಮಾತು ಬಂದಲ್ಲೆಲ್ಲ ಸಾವಿನ ಮಾತನ್ನೂ ತರುತ್ತಾನೆ. ಹುಡುಗನನ್ನು ಕಂಡ ಮೊದಲ ರಾತ್ರಿಯೇ ಜೂಲಿಯೆಟ್, ಅವನಿಗೆ ಮದುವೆಯಾಗಿದ್ದರೆ ಗೋರಿಯೇ ನನ್ನ ಮದುವೆಯ ಹಾಸಿಗೆ ಅನ್ನುತ್ತಾಳೆ. ಗುಟ್ಟಾಗಿ ಮದುವೆಯಾಗಿ, ಒಂದೇ ಒಂದು ರಾತ್ರಿ ಜೊತೆಗಿದ್ದು ಅವನು ಕಿಟಕಿಯಿಂದ ಇಳಿದು ಹೊರಟಾಗ, ಗೋರಿಯ ತಳದಲ್ಲಿರುವ ಹೆಣದ ಹಾಗೆ ಕಾಣುತ್ತೀಯ ಅನ್ನುತ್ತಾಳೆ. ಅಪ್ಪ ಬೇರೆ ಗಂಡು ಗೊತ್ತು ಮಾಡುತ್ತಾನೆ. ಮದುವೆಯ ಬೆಳಿಗ್ಗೆ ವಾಲಗದವರು ಬಾಗಿಲಿಗೆ ಬಂದಿದ್ದಾರೆ. ಒಳಗೆ ಮಗಳು, ಆ ಮದುವೆ ತಪ್ಪಿಸಿಕೊಳ್ಳಲು ಸತ್ತಂತೆ ಕಾಣಿಸುವ ಮದ್ದು ಕುಡಿದು, ತಣ್ಣಗೆ ಮಲಗಿದ್ದಾಳೆ. ಸಾವೇ ನನ್ನ ಅಳಿಯ ಅಂತ ಅಪ್ಪ ಗೋಳಾಡುತ್ತಾನೆ. ಮದುವೆಗೆ ತಂದ ಹೂವು ಹೆಣಕ್ಕೆ ಹೋಗುತ್ತದೆ.

ಕೊಡವ ಮದುಮಗ ತೊಡುವುದು ಬಿಳಿ ಕುಪ್ಯ, ಅಂದರೆ ಮೊಣಕಾಲುದ್ದದ ನಿಲುವಂಗಿ. ಉಳಿದ ದಿನಗಳಿಗೆ ಕಪ್ಪು. ಸತ್ತವರಿಗೆ ತೊಡಿಸುವುದೂ ಬಿಳಿ ಕುಪ್ಯವನ್ನೇ. ತುಂಬು ಬಾಳು ಬಾಳಿದವರ ಮೈಮೇಲೆ ಅದನ್ನು ನೋಡಿದಾಗ ನೋವಿನ ಜೊತೆಗೆ ಒಂದು ಸಮಾಧಾನವೂ ಇರುತ್ತದೆ, ಅಲ್ವಾ? ಎರಡು ಬಿಳಿಗಳ ನಡುವೆ ಒಂದು ಇಡೀ ಜೀವನ ನಡೆದಿರುತ್ತದೆ. ಜೂಲಿಯೆಟ್‌ಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ಭಾನುವಾರ ಶುರುವಾದ ಕಥೆ ಗುರುವಾರ ಬೆಳಗಾಗುವಷ್ಟರಲ್ಲಿ ಮುಗಿಯುತ್ತದೆ. ಆ ನಡುವಿನ ಬಾಳನ್ನು ಕಿತ್ತುಕೊಂಡವರು ಯಾರು?

ವಿಧಿ ಅಂತ ಜಾಸ್ತಿ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾಲ್ಕನೆಯ ಅಂಕದಲ್ಲಿ ಜೂಲಿಯೆಟ್ ಆ ಮದ್ದಿನ ಸೀಸೆ ಹಿಡಿದು ಒಬ್ಬಳೇ ನಿಂತ ಜಾಗವನ್ನು ನಿಧಾನವಾಗಿ ಓದಿ. ಅವಳಿಗೆ ಸಾವಿಗಿಂತ ಹೆಚ್ಚಿನ ಭಯ ತನ್ನ ಮನೆತನದ ನೆಲಮಾಳಿಗೆಯ ಗೋರಿಯದು. ನೂರಾರು ವರ್ಷಗಳಿಂದ ಪೇರಿಸಿದ ಹಿರಿಯರ ಎಲುಬುಗಳು ಅಲ್ಲಿವೆ. ಮೊನ್ನೆ ಜಗಳದಲ್ಲಿ ಸತ್ತ ಅವಳ ಸೋದರ ಸಂಬಂಧಿ ಟಿಬಾಲ್ಟ್ ಹೆಣದ ಬಟ್ಟೆಯೊಳಗೆ ಕೊಳೆಯುತ್ತಿದ್ದಾನೆ. ಹೊತ್ತಿಗೆ ಮುಂಚೆ ಎಚ್ಚರವಾಗಿ ಹುಚ್ಚು ಹಿಡಿದರೆ, ಯಾವುದೋ ಹಿರಿಯನ ಎಲುಬನ್ನೇ ದೊಣ್ಣೆ ಮಾಡಿಕೊಂಡು ತನ್ನ ತಲೆ ಒಡೆದುಕೊಂಡೇನು ಅಂತ ನಡುಗುತ್ತಾಳೆ.

ನಮ್ಮಲ್ಲಿ ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ, ಕೈಮಡವೆಂಬ ಪುಟ್ಟ ಗುಡಿಯಲ್ಲಿ ಗುರು ಕಾರೋಣರಿಗೆ, ಅಂದರೆ ಮನೆತನದ ಮೂಲ ಹಿರಿಯರಿಗೆ, ಮೀದಿ ಎಂಬ ಎಡೆ ಇಡುತ್ತಾರೆ. ಹೋದವರು ಮನೆಯ ಮಕ್ಕಳನ್ನು ಕಾಯುತ್ತಾರೆ ಅನ್ನುವ ನಂಬಿಕೆ ಅದು. ಜೂಲಿಯೆಟ್‌ನ ಹಿರಿಯರು ಅವಳಿಗೆ ಬಿಟ್ಟುಹೋದದ್ದು ರೋಮಿಯೋನ ಮನೆತನದೊಂದಿಗಿನ ಹಗೆ. ಅದು ಯಾತಕ್ಕೆ ಶುರುವಾಯಿತು ಅಂತ ನಾಟಕದಲ್ಲಿ ಯಾರೂ ಹೇಳುವುದಿಲ್ಲ. ಸುಮ್ನೆ ತಲೆಮಾರಿಂದ ತಲೆಮಾರಿಗೆ ಬಂದಿದೆ. ಹಿರಿಯನ ಎಲುಬು ಮಗುವಿನ ತಲೆ ಒಡೆಯುತ್ತದೆ ಅನ್ನುವ ಒಂದು ಚಿತ್ರದಲ್ಲಿ ಇಡೀ ನಾಟಕ ಇದೆ.

ಕೊನೆಗೆ ರೋಮಿಯೋ ಅದೇ ಗೋರಿಯೊಳಗೆ ಬರುತ್ತಾನೆ. ಅವಳ ತುಟಿ ಕೆಂಪಾಗಿದೆ, ಕೆನ್ನೆ ಕೆಂಪಾಗಿದೆ ಅಂತ ಅವನೇ ಬಾಯಿಬಿಟ್ಟು ಹೇಳುತ್ತಾನೆ. ಜೀವದ ಗುರುತು ಕಣ್ಣೆದುರೇ ಇದೆ. ಒಂದೇ ಗುಂಡು ಕೇಳಿ ಎರಡು ಅಂದುಕೊಂಡವರ ಹಾಗೆ, ಸಾವು ಅಂತಲೇ ಓದಿಕೊಂಡು ವಿಷ ಕುಡಿಯುತ್ತಾನೆ. ಎಷ್ಟು ಸಲ ಓದಿದರೂ ಇಲ್ಲಿ ನನಗೆ ಕೂಗಿ ನಿಲ್ಲಿಸಬೇಕು ಅನ್ನಿಸುತ್ತದೆ.

ಬೆಳಗಾಗುತ್ತದೆ. ಇಬ್ಬರು ಅಪ್ಪಂದಿರು ಹೆಣಗಳ ಮುಂದೆ ನಿಂತಿದ್ದಾರೆ. ಹುಡುಗಿಯ ಅಪ್ಪ ಹುಡುಗನ ಅಪ್ಪನನ್ನು ಮೊದಲ ಸಲ "ಅಣ್ಣಾ" ಎಂದು ಕರೆದು, ಕೈ ಕೊಡು ಅನ್ನುತ್ತಾನೆ. ಗಂಡಿನ ಮನೆಯವರಿಂದ ನನ್ನ ಮಗಳಿಗೆ ಸಲ್ಲಬೇಕಾದದ್ದು ಇದೇ, ಇದಕ್ಕಿಂತ ಹೆಚ್ಚು ಕೇಳಲಾರೆ ಅನ್ನುತ್ತಾನೆ. ಅದು ಮದುವೆಯ ಮಾತುಕತೆಯ ಮಾತು. ಗೋರಿಯ ಬಾಗಿಲಲ್ಲಿ, ಆ ಕ್ಷಣ, ಅವರು ಬೀಗರಾಗುತ್ತಾರೆ.