ಮಾರ್ನರ್‌ನನ್ನು ಉಳಿಸಿಕೊಳ್ಳಬೇಕಿತ್ತಾ?

ಎಲ್ಲರಿಗೂ ನಮಸ್ಕಾರ.

ಟೊರೊಂಟೊದಲ್ಲಿ ಕನ್ನಡದವರು ನಾಲ್ಕು ಜನ ಸೇರಿದರೆ ಮೊದಲು ಮನೆ ಬೆಲೆಯ ಮಾತು, ಆಮೇಲೆ ಇಲ್ಲಿನ ಐಸ್ ಹಾಕಿ ತಂಡ ಲೀಫ್ಸ್ ಮಾತು. ಈ 2025ರ ಬೇಸಿಗೆಯಲ್ಲಿ ಮಾತ್ರ ಮನೆ ಬೆಲೆ ಹಿಂದೆ ಬಿತ್ತು. ಮಿಚ್ ಮಾರ್ನರ್‌ನನ್ನು ಮೇಪಲ್ ಲೀಫ್ಸ್ ಉಳಿಸಿಕೊಳ್ಳಬೇಕಿತ್ತಾ, ಇಲ್ಲ ವೇಗಸ್‌ಗೆ ಕಳಿಸಿದ್ದೇ ಸರಿಯಾ ಅಂತ ಎಲ್ಲ ಕಡೆ ಅದೇ ಜಗಳ. ಅಕ್ಟೋಬರ್ ಬಂತು, ಹೊಸ ಸೀಸನ್ ಶುರುವಾಯಿತು, ಜಗಳ ಇನ್ನೂ ಮುಗಿದಿಲ್ಲ. ಹಾಗಾಗಿ ಸಂಘಟಕರು ಕರೆದಾಗ ನಾನು ಬೇರೆ ವಿಷಯ ಹುಡುಕಲಿಲ್ಲ.

ನಾನು ಹೇಳಬೇಕಾದದ್ದು ಒಂದೇ. ಎಲ್ಲರೂ ಅವನನ್ನು ಕಳಿಸಿದ ಜೂನ್ ತಿಂಗಳ ಬಗ್ಗೆ ವಾದ ಮಾಡ್ತಿದ್ದಾರೆ. ಆದರೆ ಈ ಪ್ರಶ್ನೆಗೆ ಕ್ಲಬ್ಬು ಉತ್ತರ ಕೊಡಬೇಕಿದ್ದ ದಿನ ಅದಕ್ಕೆ ಎರಡು ವರ್ಷ ಮೊದಲೇ ಕಳೆದುಹೋಗಿತ್ತು.

ಮೊಮ್ಮಕ್ಕಳನ್ನು ನೋಡೋಕೆ ಊರಿಂದ ಬಂದಿರುವ ಹಿರಿಯರು ಮುಂದೆ ಕೂತಿದ್ದೀರಿ. ನಿಮಗಾಗಿ ಎರಡು ಮಾತು. ಇದು ಐಸ್ ಹಾಕಿ, ನಮ್ಮ ಕೊಡಗಿನ ಮೈದಾನದ ಹಾಕಿ ಅಲ್ಲ. ಒಂದು ತಂಡದಿಂದ ಒಮ್ಮೆಗೆ ಆರು ಜನ ಇಳಿಯುತ್ತಾರೆ: ಒಬ್ಬ ಗೋಲ್‌ಕೀಪರ್, ಇಬ್ಬರು ಡಿಫೆನ್ಸ್, ಮಧ್ಯದಲ್ಲಿ ಸೆಂಟರ್, ಅವನ ಎರಡೂ ಪಕ್ಕ ವಿಂಗರ್‌ಗಳು. ಮಾರ್ನರ್ ಬಲಗಡೆಯ ವಿಂಗರ್. ಗೋಲು ಹೊಡೆಯುವುದಕ್ಕಿಂತ ಹೊಡೆಸುವುದರಲ್ಲೇ ಅವನ ಕೈ ಜಾಸ್ತಿ.

ಇನ್ನು ದುಡ್ಡು. ಐಪಿಎಲ್‌ನ ಪರ್ಸ್ ಗೊತ್ತಲ್ಲ? 2025ಕ್ಕೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಇತ್ತು. ಆರ್‌ಸಿಬಿ ಅದರಲ್ಲಿ 21 ಕೋಟಿ ಕೊಹ್ಲಿಗೇ ಕೊಟ್ಟು ಉಳಿಸಿಕೊಂಡಿತು, ಮಿಕ್ಕಿದ್ದರಲ್ಲಿ ಉಳಿದವರನ್ನೆಲ್ಲ ಹೊಂದಿಸಿತು. ಎನ್‌ಎಚ್‌ಎಲ್‌ನಲ್ಲಿ ಅಂದ್ರೆ ಇಲ್ಲಿನ ಐಸ್ ಹಾಕಿ ಲೀಗ್‌ನಲ್ಲಿ ಇದಕ್ಕೆ ಸ್ಯಾಲರಿ ಕ್ಯಾಪ್ ಅಂತಾರೆ. ವ್ಯತ್ಯಾಸ ಏನಂದ್ರೆ, ಇಲ್ಲಿ ಹರಾಜಿಲ್ಲ. 27 ವರ್ಷ ತುಂಬಿದವನು, ಅಥವಾ ಏಳು ಸೀಸನ್ ಆಡಿದವನು, ಒಪ್ಪಂದ ಮುಗಿದರೆ ಸ್ವತಂತ್ರ. ಯಾವ ಊರಿಗೆ ಬೇಕಾದರೂ ಹೋಗಬಹುದು, ಹಳೇ ಕ್ಲಬ್ಬಿಗೆ ಬಿಡಿಗಾಸೂ ಸಿಗಲ್ಲ. ಅವನೇ ಫ್ರೀ ಏಜೆಂಟ್. ಮುಂದೆ ಹೇಳುವ ಮೊತ್ತವೆಲ್ಲ ಅಮೆರಿಕನ್ ಡಾಲರ್.

ಮಾರ್ನರ್ ಇಲ್ಲೇ ಪಕ್ಕದ ಮಾರ್ಕಮ್‌ನಲ್ಲಿ 1997ರಲ್ಲಿ ಹುಟ್ಟಿದವನು. ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ 2015ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಲೀಫ್ಸ್‌ಗೆ ಬಂದ. ಊರ ಹುಡುಗ ಊರ ತಂಡಕ್ಕೇ ಆಡುವುದು ಇಲ್ಲಿ ದೊಡ್ಡ ವಿಷಯ. 657 ಪಂದ್ಯ, 741 ಪಾಯಿಂಟ್. ಗೋಲಿಗೆ ಒಂದು, ಗೋಲಿಗೆ ಪಾಸ್ ಕೊಟ್ಟರೂ ಒಂದು, ಅದು ಪಾಯಿಂಟ್ ಲೆಕ್ಕ. ಕೊನೆಯ ಸೀಸನ್‌ನಲ್ಲಿ 102 ಮಾಡಿದ. ನೂರು ದಾಟುವ ವಿಂಗರ್‌ಗಳು ಬೀದಿಗೊಬ್ಬರಂತೆ ಸಿಗಲ್ಲ.

ಹಾಗಾದರೆ ಜನಕ್ಕೆ ಸಿಟ್ಟು ಯಾಕೆ? ಪ್ಲೇಆಫ್. ಲೀಫ್ಸ್ ಕಪ್ ಗೆದ್ದದ್ದು ಕೊನೆಯ ಸಲ 1967ರಲ್ಲಿ. ಮಾರ್ನರ್ ಮತ್ತು ಆಸ್ಟನ್ ಮ್ಯಾಥ್ಯೂಸ್ ಒಟ್ಟಿಗೆ ಆಡಿದ ಒಂಬತ್ತು ಸೀಸನ್‌ನಲ್ಲಿ ತಂಡ ಗೆದ್ದದ್ದು ಎರಡೇ ಪ್ಲೇಆಫ್ ಸರಣಿ. ಸರಣಿ ತೀರ್ಮಾನಿಸುವ ಏಳನೇ ಪಂದ್ಯದವರೆಗೆ ಹೋಗಿದ್ದು ಆರು ಸಲ. ಆರೂ ಸೋಲು. 2021ರಲ್ಲಿ ಮಾಂಟ್ರಿಯಲ್ ಮೇಲೆ 3-1ರಲ್ಲಿ ಮುಂದಿದ್ದು ಸರಣಿಯನ್ನೇ ಕೈಬಿಟ್ಟರು. ಆಗಿನ ಕಾಲದಲ್ಲೇ ಮಾರ್ನರ್ ಸತತ 18 ಪ್ಲೇಆಫ್ ಪಂದ್ಯದಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಈ ಮೇ ತಿಂಗಳಲ್ಲಿ ಫ್ಲಾರಿಡಾ ಮೇಲೆ 2-0 ಮುನ್ನಡೆ ಇತ್ತು. ಆಮೇಲೆ ಐದನೇ ಪಂದ್ಯ ಸ್ವಂತ ಊರಲ್ಲಿ 6-1 ಸೋಲು. ಏಳನೆಯದೂ ಸ್ವಂತ ಊರಲ್ಲಿ, ಮತ್ತೆ 6-1. ಜನ ಜರ್ಸಿ ಬಿಚ್ಚಿ ಐಸ್ ಮೇಲೆ ಎಸೆದರು. ಮಾರ್ನರ್ ಬೆಂಚಿನ ಮೇಲೆ ಕೂತು ಜೊತೆಯವರಿಗೆ ಎಚ್ಚೆತ್ತುಕೊಳ್ಳಿ ಅಂತ ಕಿರುಚುತ್ತಿದ್ದುದನ್ನು ಟಿವಿಯಲ್ಲಿ ನೋಡಿದ್ದೀರಿ.

ಇಷ್ಟಕ್ಕೇ ‘ಅವನು ದೊಡ್ಡ ಪಂದ್ಯದವನಲ್ಲ’ ಅನ್ನುವ ತೀರ್ಪು ಬಂತು. ನಾನು ಇದನ್ನು ಪೂರ್ತಿ ಒಪ್ಪಲ್ಲ. ಅದೇ ಫೆಬ್ರವರಿಯಲ್ಲಿ ನಾಲ್ಕು ದೇಶಗಳ ಟೂರ್ನಿ ನಡೆಯಿತಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಸ್ವೀಡನ್ ಮೇಲೆ ಹೆಚ್ಚುವರಿ ಸಮಯದ ಗೋಲು ಮಾರ್ನರ್‌ನದು. ಬಾಸ್ಟನ್‌ನಲ್ಲಿ ಅಮೆರಿಕದ ಮೇಲೆ ಫೈನಲ್, 2-2, ಮತ್ತೆ ಹೆಚ್ಚುವರಿ ಸಮಯ. ಪಕ್, ಅಂದ್ರೆ ಚೆಂಡಿನ ಬದಲಿಗೆ ಆಡುವ ಬಿಲ್ಲೆ, ಮಾರ್ನರ್ ಹತ್ತಿರ. ಅವನು ಅವಸರ ಮಾಡಲಿಲ್ಲ. ತಲೆ ಎತ್ತಿ ನೋಡಿದ. ಗೋಲಿನ ಎದುರು ಕೆನಡಾದ ಮೆಕ್‌ಡೇವಿಡ್ ಒಬ್ಬನೇ ನಿಂತಿದ್ದ, ಅವನ ಪಕ್ಕದಲ್ಲಿ ಇರಬೇಕಾದ ಅಮೆರಿಕದವರು ಯಾರೂ ಇರಲಿಲ್ಲ. ಪಾಸ್ ಹೋಯಿತು, ಕೆನಡಾ ಗೆದ್ದಿತು. ಅದಕ್ಕಿಂತ ದೊಡ್ಡ ಪಂದ್ಯ ಆ ವರ್ಷ ಇತ್ತಾ? ಹಾಗಂತ ಪ್ಲೇಆಫ್ ಲೆಕ್ಕವನ್ನು ಮುಚ್ಚಿಡಲೂ ಆಗಲ್ಲ. 70 ಪಂದ್ಯದಲ್ಲಿ 63 ಪಾಯಿಂಟ್ ಅಂದ್ರೆ ಕಡಿಮೆಯಲ್ಲ. ಗೋಲು ಮಾತ್ರ ಬರೀ 13.

ಈಗ ಬೆಲೆಗೆ ಬರೋಣ. ಇಲ್ಲೇ ಬಹಳ ಜನ ತಪ್ಪುವುದು. 2019ರಲ್ಲಿ ಮಾರ್ನರ್‌ಗೆ ಆರು ವರ್ಷದ ಒಪ್ಪಂದವಾದಾಗ ವರ್ಷಕ್ಕೆ ಸುಮಾರು 1 ಕೋಟಿ 9 ಲಕ್ಷ. ಆಗ ಕ್ಯಾಪ್ 8 ಕೋಟಿ 15 ಲಕ್ಷ. ಅಂದ್ರೆ ನೂರಕ್ಕೆ ಹದಿಮೂರು ಚಿಲ್ಲರೆ ಪಾಲು. ಮ್ಯಾಥ್ಯೂಸ್, ಟವಾರೆಸ್, ನೀಲ್ಯಾಂಡರ್, ಮಾರ್ನರ್, ಈ ನಾಲ್ವರೇ ಕ್ಯಾಪಿನ ಅರ್ಧದಷ್ಟು ತಿನ್ನುತ್ತಿದ್ದರು. ಕ್ಯಾಪ್ ವರ್ಷವರ್ಷ ಏರುತ್ತೆ, ಹೊರೆ ತಾನಾಗಿ ಇಳಿಯುತ್ತೆ ಅಂತ ಲೆಕ್ಕ ಹಾಕಿದ್ದರು. ಕೋವಿಡ್ ಬಂತು. ಕ್ಯಾಪ್ ಅಲ್ಲೇ ನಿಂತುಬಿಟ್ಟಿತು. ಲೀಫ್ಸ್ ಡಿಫೆನ್ಸಿಗೂ ಗೋಲ್‌ಕೀಪರಿಗೂ ದುಡ್ಡು ಸಾಲದೆ ಒದ್ದಾಡಿದ್ದು ಇದರಿಂದ. ಅದರ ಸಿಟ್ಟನ್ನು ಮಾರ್ನರ್ ಒಬ್ಬನ ಮೇಲೆ ಹಾಕಿದ್ದು ಅನ್ಯಾಯ.

ವೇಗಸ್‌ನ ಹೊಸ ಒಪ್ಪಂದ ವರ್ಷಕ್ಕೆ 1 ಕೋಟಿ 20 ಲಕ್ಷ, ಎಂಟು ವರ್ಷ. ಕೇಳೋಕೆ ಜಾಸ್ತಿ. ಆದರೆ ಈ 2025-26ರ ಸೀಸನ್ ಕ್ಯಾಪ್ 9 ಕೋಟಿ 55 ಲಕ್ಷ. ಪಾಲು ನೂರಕ್ಕೆ ಹನ್ನೆರಡೂವರೆ. 2019ಕ್ಕಿಂತ ಕಡಿಮೆ! ಮುಂದಿನ ಸೀಸನ್ ಕ್ಯಾಪ್ 10 ಕೋಟಿ 40 ಲಕ್ಷ, ಅದರಾಚೆಯದು 11 ಕೋಟಿ 35 ಲಕ್ಷ ಅಂತ ಲೀಗ್ ಆಗಲೇ ಹೇಳಿಬಿಟ್ಟಿದೆ. ಒಪ್ಪಂದ ಮುಗಿಯುವಾಗ ಮಾರ್ನರ್‌ಗೆ 36. ಕೊನೆಯ ಎರಡು ಮೂರು ವರ್ಷ ಕಾಲು ನಿಧಾನವಾಗುತ್ತೆ, ನಿಜ. ಆದರೆ ಅವನ ಆಟ ಕಾಲಿಗಿಂತ ಕಣ್ಣಿನದು. ಬೆಲೆ ಒಂದನ್ನೇ ಕೇಳಿದರೆ ನನ್ನ ಉತ್ತರ: ಉಳಿಸಿಕೊಳ್ಳಬೇಕಿತ್ತು.

ತೆರಿಗೆ ಅಂತ ಯಾರೋ ಹಿಂದಿನಿಂದ ಹೇಳ್ತಿದ್ದೀರಿ. ಹೌದು, ಒಂಟಾರಿಯೊದಲ್ಲಿ ಮೇಲಿನ ಹಂತದ ತೆರಿಗೆ 53.53 ಪರ್ಸೆಂಟ್, ವೇಗಸ್ ಇರುವ ನೆವಾಡಾದಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ನಮಗೆಲ್ಲ ಏಪ್ರಿಲ್‌ನಲ್ಲಿ ಗೊತ್ತಾಗುವ ನೋವು ಅದು. ಆದರೆ ಇದೇ ಟೊರೊಂಟೊದಲ್ಲಿ, ಇದೇ ತೆರಿಗೆಯಲ್ಲಿ, ಇನ್ನೊಬ್ಬ ವಿಂಗರ್ ವಿಲಿಯಂ ನೀಲ್ಯಾಂಡರ್ 2024ರ ಜನವರಿಯಲ್ಲಿ ವರ್ಷಕ್ಕೆ 1 ಕೋಟಿ 15 ಲಕ್ಷಕ್ಕೆ ಎಂಟು ವರ್ಷ ಸಹಿ ಹಾಕಿದ. ಅವನಿಗೂ ಫ್ರೀ ಏಜೆಂಟ್ ಆಗೋಕೆ ಆರು ತಿಂಗಳು ಮಾತ್ರ ಬಾಕಿ ಇತ್ತು. ತೆರಿಗೆ ಒಂದು ಕಾರಣ, ಅದೇ ಕಾರಣ ಅಲ್ಲ.

ಹಾಗಾದರೆ ಎಡವಿದ್ದು ಎಲ್ಲಿ? 2023ರ ಜುಲೈ 1ರಂದು.

ಮಾರ್ನರ್‌ನ 2019ರ ಒಪ್ಪಂದದಲ್ಲಿ ಒಂದು ಸಾಲು ಇತ್ತು. ಆ ದಿನದಿಂದ ಅವನಿಗೆ ಪೂರ್ತಿ ನೋ-ಮೂವ್‌ಮೆಂಟ್ ಹಕ್ಕು. ಅವನು ಒಪ್ಪದೆ ಕ್ಲಬ್ಬು ಅವನನ್ನು ಎಲ್ಲಿಗೂ ಕಳಿಸುವಂತಿಲ್ಲ. ಜೂನ್ 30ರವರೆಗೆ ಕ್ಲಬ್ಬಿಗೆ ಎರಡೂ ದಾರಿ ತೆರೆದಿತ್ತು. ಇಟ್ಟುಕೋ, ಅಥವಾ ಒಳ್ಳೆ ಆಟಗಾರರನ್ನು ಪಡೆದು ಕೊಡು. ಜುಲೈ 1ರಿಂದ ಬೀಗದ ಕೈ ಮಾರ್ನರ್ ಜೇಬಿಗೆ ಹೋಯಿತು. ಆಗ ಕ್ಲಬ್ಬಿನ ಪರಿಸ್ಥಿತಿ ನೋಡಿ. ಒಪ್ಪಂದ ಮಾಡಿದ್ದ ಜನರಲ್ ಮ್ಯಾನೇಜರ್ ಕೈಲ್ ಡೂಬಸ್ ಮೇ ತಿಂಗಳಲ್ಲಿ ಹೊರಗೆ. ಅವರ ಜಾಗಕ್ಕೆ ಬ್ರಾಡ್ ಟ್ರೆಲಿವಿಂಗ್ ಬಂದದ್ದು ಮೇ 31ಕ್ಕೆ. ಹೊಸಬರಿಗೆ ಸಿಕ್ಕಿದ್ದು ಒಂದೇ ತಿಂಗಳು. ಇಂಥ ದಿನಾಂಕ ಎದುರಿಗಿಟ್ಟುಕೊಂಡು ಮ್ಯಾನೇಜರ್ ಬದಲಾಯಿಸಿದ ಮೇಲಿನವರನ್ನು ನಾನು ಹೆಚ್ಚು ದೂರುತ್ತೇನೆ.

ಆಮೇಲೆ ಇನ್ನೊಂದು ದಿನ ಬಂತು, 2024ರ ಜುಲೈ 1. ಒಪ್ಪಂದದ ಕೊನೆಯ ವರ್ಷಕ್ಕೆ ಕಾಲಿಟ್ಟವನ ಜೊತೆ ಕ್ಲಬ್ಬು ಹೊಸ ಸಹಿ ಮಾಡಿಕೊಳ್ಳಬಹುದಾದ ಮೊದಲ ದಿನ. ಅದೂ ಹೋಯಿತು. ಕೊನೆಗೆ ಈ ಮಾರ್ಚ್‌ನಲ್ಲಿ, ಕ್ಯಾರೊಲೈನಾದ ಮಿಕ್ಕೊ ರಂಟನೆನ್‌ಗೆ ಬದಲಾಗಿ ಹೋಗ್ತೀಯಾ ಅಂತ ಮಾರ್ನರ್‌ನನ್ನು ಕೇಳಿದರು ಅಂತ ವರದಿಯಾಯಿತು. ಒಲ್ಲೆ ಅಂದ. ಅವನ ಹಕ್ಕು ಅದು, ತಪ್ಪೇನಿಲ್ಲ. ಜೂನ್ 30ಕ್ಕೆ, ಫ್ರೀ ಏಜೆಂಟ್ ಆಗುವ ಹಿಂದಿನ ದಿನ, ಎಂಟು ವರ್ಷದ ಸಹಿ ಹಾಕಿಸಿ ವೇಗಸ್‌ಗೆ ಕಳಿಸಿದರು. ಆಗಿನ ನಿಯಮದಲ್ಲಿ ಎಂಟು ವರ್ಷ ಕೊಡುವ ಅಧಿಕಾರ ಹಳೇ ಕ್ಲಬ್ಬಿಗೆ ಮಾತ್ರ ಇತ್ತು, ಹೊಸಬರು ಏಳೇ ಕೊಡಬಹುದಿತ್ತು. ಆ ಒಂದು ವರ್ಷದ ಬೆಲೆಯಾಗಿ ಟೊರೊಂಟೊಗೆ ಸಿಕ್ಕಿದ್ದು ನಿಕೊಲಾ ರುವಾ. ಒಳ್ಳೆಯ ಸೆಂಟರೇ. ಆದರೆ 102 ಪಾಯಿಂಟಿನ ವಿಂಗರ್‌ಗೆ ಸಮ ಅಂತ ಯಾರೂ ಹೇಳಲ್ಲ.

ಇದೇ ಕಥೆಯನ್ನು ಟ್ರೆಲಿವಿಂಗ್ ಅವರು ಮೊದಲೇ ಒಂದು ಸಲ ಅನುಭವಿಸಿದ್ದರು. 2022ರಲ್ಲಿ ಅವರು ಕ್ಯಾಲ್ಗರಿಯಲ್ಲಿದ್ದರು. ಎಡಗಡೆಯ ವಿಂಗರ್ ಜಾನಿ ಗಾಡ್ರೋ 115 ಪಾಯಿಂಟ್ ಮಾಡಿದ, ಕ್ಯಾಲ್ಗರಿ ಕೊನೆಯವರೆಗೂ ಕಾಯಿತು, ಜುಲೈನಲ್ಲಿ ಆತ ಕೊಲಂಬಸ್‌ಗೆ ಹೋದ. ಕ್ಯಾಲ್ಗರಿ ಕೊಲಂಬಸ್‌ಗಿಂತ ಜಾಸ್ತಿ ದುಡ್ಡು ಕೊಡೋಕೆ ತಯಾರಿತ್ತು ಅಂತ ಆಗ ಸುದ್ದಿ. ಆತನಿಗೆ ನ್ಯೂಜೆರ್ಸಿಯ ಮನೆಯವರ ಹತ್ತಿರ ಇರಬೇಕಿತ್ತು. ಕ್ಲಬ್ಬಿಗೆ ಏನೂ ಸಿಗಲಿಲ್ಲ. ಗಾಡ್ರೋ ಮತ್ತು ತಮ್ಮ ಇಬ್ಬರೂ 2024ರ ಆಗಸ್ಟ್‌ನಲ್ಲಿ ಸೈಕಲ್ ಮೇಲೆ ಹೋಗುವಾಗ ಕಾರು ಗುದ್ದಿ ತೀರಿಕೊಂಡರು. ಹೀಗೆ ಲೆಕ್ಕಕ್ಕೆ ಆತನ ಹೆಸರು ತರೋಕೆ ಈಗಲೂ ಮನಸ್ಸು ಹಿಂಜರಿಯುತ್ತೆ.

ಪೆಟ್ಟು ತಿಂದ ಕ್ಯಾಲ್ಗರಿ ಅದೇ ತಿಂಗಳು ಇನ್ನೊಬ್ಬ ವಿಂಗರ್ ಮ್ಯಾಥ್ಯೂ ಕಚಕ್‌ನನ್ನು, ಅವನೂ ದೀರ್ಘ ಒಪ್ಪಂದಕ್ಕೆ ಒಪ್ಪದ ಕಾರಣ, ಫ್ಲಾರಿಡಾಗೆ ಕೊಟ್ಟಿತು. ಬದಲಿಗೆ ಬಂದವರಲ್ಲಿ ಜೊನಾಥನ್ ಹ್ಯೂಬರ್ಡೋ ಒಬ್ಬ. ಅವನೂ ಹಿಂದಿನ ಸೀಸನ್ 115 ಪಾಯಿಂಟ್, ಅವನಿಗೂ ಒಪ್ಪಂದ ಮುಗಿಯೋಕೆ ಒಂದೇ ವರ್ಷ. ಈ ಸಲ ಕಾಯೋದು ಬೇಡ ಅಂತ ಕ್ಯಾಲ್ಗರಿ ಪರ ಅವನು ಒಂದು ಪಂದ್ಯವೂ ಆಡುವ ಮೊದಲೇ ಎಂಟು ವರ್ಷಕ್ಕೆ ಒಟ್ಟು 8 ಕೋಟಿ 40 ಲಕ್ಷ ಕೊಟ್ಟರು. ಆ ಸೀಸನ್ ಅವನು ಮಾಡಿದ್ದು 55. ಅತ್ತ ಫ್ಲಾರಿಡಾ ಕಚಕ್‌ನನ್ನು ಇಟ್ಟುಕೊಂಡು 2024, 2025 ಎರಡೂ ವರ್ಷ ಕಪ್ ಎತ್ತಿತು. ‘ಬೇಗ ಸಹಿ ಹಾಕಿಸಿಬಿಡಿ, ಎಲ್ಲ ಸರಿಹೋಗುತ್ತೆ’ ಅಂತ ನಾನು ಹೇಳ್ತಿದ್ದೇನೆ ಅಂದುಕೊಂಡವರಿಗೆ ಇದು. ಹೆದರಿಕೆಯಲ್ಲಿ ಹಾಕಿಸಿದ ಸಹಿ, ಕಾದು ಕೂತು ಕಳೆದುಕೊಂಡದ್ದಕ್ಕಿಂತ ದುಬಾರಿ. ಕಳೆದುಕೊಂಡರೆ ಕ್ಯಾಪಿನಲ್ಲಿ ಜಾಗವಾದರೂ ಉಳಿಯುತ್ತೆ.

ಕಾಯುವುದೇ ತಪ್ಪು ಅಂತಲೂ ಅಲ್ಲ. 2019ರಲ್ಲಿ ಕೊಲಂಬಸ್‌ನವರಿಗೆ ಆರ್ಟೆಮಿ ಪನಾರಿನ್ ಹೋಗ್ತಾನೆ ಅನ್ನುವುದು ಹೆಚ್ಚುಕಮ್ಮಿ ಗೊತ್ತಿತ್ತು. ಗೊತ್ತಿದ್ದೇ ಇಟ್ಟುಕೊಂಡರು. ಆ ಸೀಸನ್ 62 ಪಂದ್ಯ ಗೆದ್ದಿದ್ದ ಟ್ಯಾಂಪಾವನ್ನು 4-0ಯಿಂದ ಮನೆಗೆ ಕಳಿಸಿದರು. ಆ ಕ್ಲಬ್ಬಿನ ಮೊದಲ ಪ್ಲೇಆಫ್ ಸರಣಿ ಗೆಲುವು ಅದು. ಪನಾರಿನ್ ಹೋದ, ನ್ಯೂಯಾರ್ಕ್‌ಗೆ. ಹೋಗಲಿ, ಅದು ಕಣ್ಣು ಬಿಟ್ಟುಕೊಂಡು ಮಾಡಿದ ನಿರ್ಧಾರ.

ನನಗೆ ಹಿಡಿಸಿದ್ದು ಕ್ಯಾರೊಲೈನಾ. ಜನವರಿಯಲ್ಲಿ ರಂಟನೆನ್‌ನನ್ನು ಕೊಲರಾಡೊದಿಂದ ತಂದರು. ಮಾತಾಡಿದರು. ಅವನಿಗೆ ಅಲ್ಲಿ ಇರುವ ಮನಸ್ಸಿಲ್ಲ ಅಂತ ಆರೇ ವಾರದಲ್ಲಿ ಅರ್ಥವಾಯಿತು. ಮಾರ್ಚ್ 7ಕ್ಕೆ ಡಲ್ಲಾಸ್‌ಗೆ ಕೊಟ್ಟು, ಯುವ ಆಟಗಾರ ಸ್ಟ್ಯಾಂಕೋವನ್ ಜೊತೆಗೆ ಎರಡು ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆ ತಗೊಂಡರು. ಡಲ್ಲಾಸ್ ಅವನಿಗೆ ಕೊಟ್ಟದ್ದು ಎಂಟು ವರ್ಷ, ವರ್ಷಕ್ಕೆ 1 ಕೋಟಿ 20 ಲಕ್ಷ. ಮಾರ್ನರ್‌ದೇ ಬೆಲೆ. ಮೇ ತಿಂಗಳಲ್ಲಿ ಅವನು ಹಳೇ ತಂಡ ಕೊಲರಾಡೊ ಮೇಲೆಯೇ ಏಳನೇ ಪಂದ್ಯದಲ್ಲಿ ಹ್ಯಾಟ್ರಿಕ್ ಹೊಡೆದ. ಕೊಲರಾಡೊದವರ ಮುಖ ನೋಡಬೇಕಿತ್ತು. ಆದರೂ ಕ್ಯಾರೊಲೈನಾ ತಪ್ಪು ಮಾಡಿತು ಅನ್ನಲ್ಲ ನಾನು. ಅದೇ ಪ್ಲೇಆಫ್‌ನಲ್ಲಿ ಅವರು ಪೂರ್ವ ವಿಭಾಗದ ಫೈನಲ್‌ವರೆಗೂ ಹೋದರು.

ಕಳೆದ ತಿಂಗಳು ಮಿನ್ನೆಸೋಟಾ ಇನ್ನೊಂದು ತುದಿಗೆ ಹೋಯಿತು. ಕಿರಿಲ್ ಕಪ್ರಿಜೋವ್, ಎಡ ವಿಂಗರ್, ಈ ಸೀಸನ್ ಮುಗಿದರೆ ಫ್ರೀ. ಸೆಪ್ಟೆಂಬರ್ 30ಕ್ಕೆ ಎಂಟು ವರ್ಷ, 13 ಕೋಟಿ 60 ಲಕ್ಷಕ್ಕೆ ಸಹಿ. ಅಲ್ಲಿಯವರೆಗಿನ ಲೀಗ್ ಇತಿಹಾಸದಲ್ಲೇ ದೊಡ್ಡದು. ವರ್ಷಕ್ಕೆ 1 ಕೋಟಿ 70 ಲಕ್ಷ, ಬರುವ ಸೀಸನ್ನಿನ ಕ್ಯಾಪಿನಲ್ಲಿ ನೂರಕ್ಕೆ ಹದಿನಾರು. ಹಿಂದಿನ ಸೀಸನ್ ಗಾಯದಿಂದ 41 ಪಂದ್ಯ ಮಾತ್ರ ಆಡಿದವನಿಗೆ ಇಷ್ಟು ಕೊಡ್ತೀರಾ ಅಂತ ಕೇಳಿದರೆ, ನಾನಾದರೆ ಕೈ ನಡುಗುತ್ತಿತ್ತು. ಆದರೆ ಪಂದ್ಯ ಶುರುವಾಗುವ ಮೊದಲೇ ಆ ತಂಡದ ತಲೆನೋವು ಮುಗಿಯಿತು. ವರ್ಷವಿಡೀ ಪತ್ರಕರ್ತರು ಪ್ರತಿ ಸೋಲಿಗೂ ‘ಇರ್ತೀಯಾ, ಹೋಗ್ತೀಯಾ’ ಅಂತ ಕೇಳುವ ಆಟ ಅಲ್ಲಿ ಇಲ್ಲ. ಟೊರೊಂಟೊ ಆ ಆಟವನ್ನು ಒಂದು ಪೂರ್ತಿ ಸೀಸನ್ ಆಡಿತು. ಮಾರ್ನರ್ 102 ಪಾಯಿಂಟ್ ಮಾಡಿದ್ದು ಅದರ ನಡುವೆ.

ಲೀಫ್ಸ್‌ಗೆ ಮುಂದಿನ ದಿನಾಂಕ ಆಗಲೇ ಗೊತ್ತಿದೆ. ಮ್ಯಾಥ್ಯೂಸ್ ಒಪ್ಪಂದ 2028ಕ್ಕೆ ಮುಗಿಯುತ್ತೆ, ವರ್ಷಕ್ಕೆ 1 ಕೋಟಿ 32 ಲಕ್ಷದ ಮೇಲೆ, ಅವನಿಗೂ ನೋ-ಮೂವ್‌ಮೆಂಟ್ ಹಕ್ಕಿದೆ. ಹೊಸ ಸಹಿಗೆ ಮೊದಲ ದಿನ 2027ರ ಜುಲೈ 1. 2026ರ ಸೆಪ್ಟೆಂಬರ್‌ನಿಂದ ಲೀಗ್‌ನ ಹೊಸ ನಿಯಮ ಬರುತ್ತೆ, ಆಗ ಸ್ವಂತ ಕ್ಲಬ್ಬು ಕೊಡಬಹುದಾದದ್ದು ಏಳೇ ವರ್ಷ, ಬೇರೆಯವರು ಆರು. ಅವನನ್ನು ಕೇಳಬೇಕಾದದ್ದನ್ನು ಆ ದಿನಕ್ಕೆ ಮೊದಲೇ ಕೇಳಿ ಮುಗಿಸುತ್ತಾರಾ ಅನ್ನುವುದೇ ನನ್ನ ಕುತೂಹಲ.

ನನ್ನ ಮಾತು ಇಷ್ಟು. ಮಾರ್ನರ್ ಜರ್ಸಿ ಹಾಕಿಕೊಂಡೇ ಬಂದಿರುವವರು ಮೂರನೇ ಸಾಲಿನಲ್ಲಿದ್ದೀರಿ. ಮೊದಲ ಪ್ರಶ್ನೆ ನಿಮ್ಮದೇ ಆಗಲಿ, ಕೇಳಿ.