ನೀರು ಒಳಗೆ ಬರಲಿ, ಹೊರಗೆ ಹೋಗಲಿ: 1973ರ ಪೋರ್ಷೆಯ ಉಕ್ಕಿನ ಸನ್‌ರೂಫ್

ನಮಸ್ಕಾರ. ಈಗ ನಿಮಗೆ ಕೇಳಿಸಿದ್ದು ಮಳೆ ಸದ್ದಲ್ಲ. ಒಂದು ಚೊಂಬು ನೀರು ಹಿಡಿದು ನಾನೇ ಕಾರಿನ ತಲೆ ಮೇಲೆ ಮೆಲ್ಲಗೆ ಸುರಿಯುತ್ತಿದ್ದೇನೆ. ಅದೂ ಸನ್‌ರೂಫ್ ಬಿಚ್ಚಿಟ್ಟು. ಗಾಬರಿ ಬೇಡ, ಬೇಕಂತಲೇ ಮಾಡುತ್ತಿದ್ದೇನೆ.

ಕಾರು 1973ರ ಪೋರ್ಷೆ 911 ಟಿ. ನನ್ನದಲ್ಲ. ಸ್ಟುಟ್‌ಗಾರ್ಟಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿರುವ ಹಿರಿಯರದು. ಟೂಲ್ ರೂಮಿನಲ್ಲಿ ದುಡಿದು ರಿಟೈರ್ ಆದವರು. ಮೂರು ವರ್ಷದಿಂದ ಶನಿವಾರ ಬಂತೆಂದರೆ ನಾನು ಅವರ ಗ್ಯಾರೇಜಿನಲ್ಲೇ. ಪೋರ್ಷೆ ಕಾರ್ಖಾನೆ ಇರುವ ತ್ಸುಫೆನ್‌ಹೌಸನ್ ಇದೇ ಊರಿನ ಒಂದು ಬಡಾವಣೆ. ಅಂದರೆ ಐವತ್ತು ವರ್ಷ ದಾಟಿದ ಮೇಲೂ ಈ ಕಾರು ತವರಲ್ಲೇ ಇದೆ.

ಈಗಿನ ಕಾರುಗಳ ಸನ್‌ರೂಫ್ ಅಂದರೆ ಗಾಜು. ಇದು ಹಾಗಲ್ಲ. ಕಾರಿನ ಚಾವಣಿಯದೇ ಒಂದು ತುಂಡು, ಉಕ್ಕಿನದು, ಕಾರಿನದೇ ಬಣ್ಣ. ಸ್ವಿಚ್ ಒತ್ತಿದರೆ ಅದರ ಹಿಂದಿನ ಅಂಚು ಸ್ವಲ್ಪ ಕೆಳಗಿಳಿದು, ಪೂರ್ತಿ ತುಂಡು ಹಿಂದಿನ ಚಾವಣಿಯ ಅಡಿಗೆ ಜಾರಿಕೊಂಡು ಹೋಗುತ್ತದೆ. ಮುಚ್ಚಿದಾಗ ಅಲ್ಲೊಂದು ಬಾಗಿಲಿದೆ ಅಂತ ತಿಳಿಯುವುದು ಸುತ್ತಲಿನ ಸಣ್ಣ ಗೆರೆಯಿಂದ ಮಾತ್ರ. ಜರ್ಮನ್ನರು ಇದಕ್ಕೆ ಶೀಬೆಡಾಖ್ ಅನ್ನುತ್ತಾರೆ, ಸರಿಸುವ ಚಾವಣಿ ಅಂತ ಅರ್ಥ. ಫೋಕ್ಸ್‌ವಾಗನ್ ಬೀಟಲ್‌ಗೂ 1963ರಲ್ಲಿ ಬಟ್ಟೆಯ ಮಡಚು ಚಾವಣಿ ಹೋಗಿ ಉಕ್ಕಿನದು ಬಂತು. ಅದಕ್ಕೆ ಕೈಯಲ್ಲಿ ತಿರುಗಿಸುವ ಹಿಡಿ. ಇದಕ್ಕೆ ಮೋಟರ್.

ಈಗ ಚೊಂಬಿನ ವಿಷಯಕ್ಕೆ ಬರೋಣ. ಈ ಚಾವಣಿಯ ಅಂಚಿನಲ್ಲಿರುವುದು ತೆಳ್ಳನೆಯ ಬೀಡಿಂಗ್, ಫೆಲ್ಟ್ ಬಟ್ಟೆಯ ಪಟ್ಟಿ. ಅದು ಗಾಳಿ ತಡೆಯುತ್ತದೆ, ಧೂಳು ತಡೆಯುತ್ತದೆ, ಉಕ್ಕಿಗೆ ಉಕ್ಕು ಉಜ್ಜದ ಹಾಗೆ ನೋಡಿಕೊಳ್ಳುತ್ತದೆ. ಮಳೆ ನೀರನ್ನು ಪೂರ್ತಿ ತಡೆಯುವುದು ಅದರ ಕೆಲಸವೇ ಅಲ್ಲ. ಜೋರು ಮಳೆ ಬಂದರೆ ನೀರು ಅಂಚು ದಾಟಿ ಇಳಿದೇ ಇಳಿಯುತ್ತದೆ. ಇಳಿದದ್ದು ಸುತ್ತಲಿನ ತಗಡಿನ ದೋಣಿಗೆ ಬೀಳುತ್ತದೆ. ದೋಣಿಯ ನಾಲ್ಕು ಮೂಲೆಗಳಿಂದ ನಾಲ್ಕು ಪೈಪುಗಳು ಚಾವಣಿ ಹೊತ್ತ ಕಂಬಗಳ ಒಳಗಿಂದ ಕೆಳಗೆ ಹೋಗುತ್ತವೆ. ನಮ್ಮ ತೊಟ್ಟಿ ಮನೆ ನೆನಪಾಗುತ್ತದೆ ಅಲ್ವಾ? ಮನೆ ನಡುವೆಯೇ ಮಳೆ ಸುರಿಯುತ್ತದೆ, ಆದರೂ ಜಗಲಿ ಒದ್ದೆಯಾಗುವುದಿಲ್ಲ. ಯಾಕೆಂದರೆ ತೊಟ್ಟಿಯ ಮೂಲೆಯ ತೂಬು ಕಟ್ಟಿಕೊಂಡಿಲ್ಲ.

ಈ ಕಾರಿನ ತೂಬುಗಳು ಕಟ್ಟಿಕೊಂಡಿದ್ದವು. ತಾನಾಗೇ ಅಲ್ಲ, ಯಾರೋ ಕಟ್ಟಿದ್ದರು. ಎಷ್ಟೋ ವರ್ಷದ ಹಿಂದೆ ಸೀಟ್ ಒದ್ದೆಯಾಗುತ್ತಿದೆ ಅಂತ ಈ ಹಿರಿಯರು ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದರಂತೆ. ಅವರು ಸುಮ್ನೆ ಸುತ್ತ ಸಿಲಿಕೋನ್ ಮೆತ್ತಿ ಕಳಿಸಿದ್ದಾರೆ. ಆ ಸಿಲಿಕೋನ್ ಎರಡು ಮೂಲೆಯ ಬಾಯಿಗೂ ಇಳಿದಿದೆ. ಬಂದ ನೀರಿಗೆ ಹೋಗಲು ದಾರಿಯಿಲ್ಲ. ದೋಣಿಯಲ್ಲೇ ನಿಂತಿದೆ. ನಿಂತ ನೀರು, ಹಳೇ ಉಕ್ಕು. ತುಕ್ಕು ಹಿಡಿಯದಿರಲಿ ಅಂತ ಪೋರ್ಷೆ ಕಾರಿನ ಇಡೀ ಬಾಡಿಗೆ ಸತುವಿನ ಲೇಪ ಕೊಡಲು ಶುರುಮಾಡಿದ್ದು 1976ರ ಮಾಡೆಲ್‌ನಿಂದ. ಅದಕ್ಕೂ ಮುಂಚಿನ ಕಾರುಗಳಿಗೆ ನಿಂತ ನೀರಿಗಿಂತ ದೊಡ್ಡ ಶತ್ರು ಇಲ್ಲ.

ಇಲ್ಲಿ ನೋಡಿ, ಮುಂದಿನ ಎಡ ಮೂಲೆ. ಕ್ಯಾಮೆರಾ ಹತ್ತಿರ ತರುತ್ತೇನೆ. ಬಣ್ಣ ಹಪ್ಪಳದ ಹಾಗೆ ಉಬ್ಬಿದೆ. ಸ್ಕ್ರೂ ಡ್ರೈವರ್ ತುದಿ ಮುಟ್ಟಿಸಿದೆ ಅಷ್ಟೇ, ಪದರ ಪದರವಾಗಿ ಉದುರಿತು. ಕೆಳಗೆ ಕಂದು ಪುಡಿ. ಅದರ ನಡುವೆ ಒಂದು ತೂತು, ಕಡಲೆ ಕಾಳಿನಷ್ಟು. ಇವರು ಕನ್ನಡಕ ಏರಿಸಿ ತುಂಬಾ ಹೊತ್ತು ಅದನ್ನೇ ನೋಡಿದರು. ಮಾತಾಡಲಿಲ್ಲ.

ಮೊದಲು ಪೈಪಿನಲ್ಲಿ ಕಟ್ಟಿಕೊಂಡದ್ದನ್ನು ಬಿಡಿಸಬೇಕು. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆಯಬೇಡಿ, ದಯವಿಟ್ಟು. ಕಂಬದ ಒಳಗೆ ಪೈಪ್ ಕಳಚಿಕೊಂಡರೆ ಮತ್ತೆ ಸಿಗಿಸಲು ಅರ್ಧ ಕಾರು ಬಿಚ್ಚಬೇಕಾಗುತ್ತದೆ. ನಾವು ಹುಲ್ಲು ಕತ್ತರಿಸುವ ಮಷೀನಿನ ದಪ್ಪ ನೈಲಾನ್ ದಾರ ತಗೊಂಡೆವು. ತುದಿಯನ್ನು ಬೆಂಕಿಗೆ ಹಿಡಿದು ದುಂಡಗೆ ಮಾಡಿ, ತಿರುಗಿಸುತ್ತಾ ಇಳಿಸಿದೆವು. ಎಲೆ ಪುಡಿ, ಕಪ್ಪು ಕೆಸರು, ಸಿಲಿಕೋನ್ ಚೂರು, ಎಲ್ಲ ಬಂತು.

ಪ್ಯಾನೆಲ್, ಅಂದರೆ ಆ ಸರಿಯುವ ಉಕ್ಕಿನ ತುಂಡು, ತೆಗೆಯುವುದು ಇಬ್ಬರ ಕೆಲಸ. ಒಳಗಡೆ ಅದರ ಅಡಿಯಲ್ಲಿ ರೂಫ್ ಲೈನಿಂಗ್ ಸುತ್ತಿದ ಒಂದು ಚೌಕಟ್ಟಿದೆ. ಅದನ್ನು ಮುಂದುಗಡೆ ಕ್ಲಿಪ್ಪಿಂದ ಬಿಡಿಸಿ ಹಿಂದಕ್ಕೆ ತಳ್ಳಬೇಕು. ಆಗ ಸ್ಕ್ರೂಗಳು ಕಾಣಿಸುತ್ತವೆ. ಅವನ್ನು ಬಿಚ್ಚಿ ಪ್ಯಾನೆಲನ್ನು ಮೇಲಕ್ಕೆ ಎತ್ತಬೇಕು. ಎತ್ತುವ ಮುಂಚೆ ಚಾವಣಿ ಮೇಲೆ ಹಳೇ ಕಂಬಳಿ ಹಾಸಿ. ಒಂದು ಗೀರು ಬಿದ್ದರೆ ಇಡೀ ಚಾವಣಿಗೆ ಪೇಂಟ್.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಕೇಬಲ್. ಸೈಕಲ್ಲಿನ ಬ್ರೇಕ್ ಕೇಬಲ್ ಎಳೆಯುತ್ತದೆ ಅಷ್ಟೇ. ಇದು ತಳ್ಳುತ್ತದೆ ಕೂಡ. ಗಟ್ಟಿ ತಂತಿಯ ಮೇಲೆ ಇನ್ನೊಂದು ತಂತಿಯನ್ನು ಸ್ಪ್ರಿಂಗಿನ ಹಾಗೆ ಬಿಗಿಯಾಗಿ ಸುತ್ತಿದ್ದಾರೆ. ಆ ಸುತ್ತುಗಳೇ ಹಲ್ಲು. ಮೋಟರಿನ ಪುಟ್ಟ ಗೇರಿನ ಆ ಕಡೆ ಒಂದು ಕೇಬಲ್, ಈ ಕಡೆ ಒಂದು. ಗೇರ್ ಒಂದೇ ತಿರುಗಿದರೂ ಪ್ಯಾನೆಲಿನ ಎಡಕ್ಕೂ ಬಲಕ್ಕೂ ಒಂದೇ ಅಳತೆಯ ತಳ್ಳು. ಎಷ್ಟು ಚೆಂದದ ಲೆಕ್ಕ! ಕೈಯಲ್ಲಿ ಹಿಡಿದು ಉಗುರಲ್ಲಿ ಗೀರಿದರೆ ಟರ್ರ್ ಅನ್ನುತ್ತದೆ. ಇವುಗಳ ಮೇಲಿನ ಗ್ರೀಸ್ ಒಣಗಿ ಮೇಣದ ಹಾಗಾಗಿತ್ತು. ಸೀಮೆಎಣ್ಣೆಯಲ್ಲಿ ಅದ್ದಿಟ್ಟು, ಬ್ರಷ್ಷಿನಲ್ಲಿ ಉಜ್ಜಿ, ಹೊಸ ಗ್ರೀಸ್ ತೆಳ್ಳಗೆ ಸವರಿದೆ. ವಾಪಸ್ ಹಾಕುವಾಗ ಎರಡೂ ಕಡೆಯ ಗೈಡ್ ಒಂದೇ ಜಾಗದಲ್ಲಿ ಇವೆಯಾ ಅಂತ ಸ್ಕೇಲ್ ಇಟ್ಟು ನೋಡಿದ ಮೇಲೆಯೇ ಗೇರ್ ಕೂರಿಸಬೇಕು. ಒಂದು ಹಲ್ಲು ತಪ್ಪಿದರೂ ಪ್ಯಾನೆಲ್ ಸೊಟ್ಟಗೆ ಓಡಿ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ಆ ತೂತು. ಟಿಂಕರಿಂಗ್ ಗೊತ್ತಿರುವವರಿಗೆ ಗೊತ್ತು, ಚಾವಣಿ ಅಂದರೆ ದೊಡ್ಡ, ತೆಳ್ಳನೆಯ ತಗಡು. ಬಿಸಿ ತಾಗಿದರೆ ಅಲೆ ಅಲೆಯಾಗಿ ಏಳುತ್ತದೆ. ಅದಕ್ಕೆ ಇವರು ಒಂದು ಚುಕ್ಕಿ ವೆಲ್ಡ್ ಹಾಕಿ, ಕೈ ಇಟ್ಟು ನೋಡಿ, ತಣ್ಣಗಾದ ಮೇಲೆ ದೂರದಲ್ಲಿ ಇನ್ನೊಂದು ಚುಕ್ಕಿ ಹಾಕುತ್ತಿದ್ದರು. ಬೆರಳಗಲದ ತೇಪೆಗೆ ಒಂದು ಇಡೀ ಮಧ್ಯಾಹ್ನ ಹೋಯಿತು. ನಾನು ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಇಷ್ಟೆಲ್ಲ ಯಾಕೆ, ಸನ್‌ರೂಫನ್ನೇ ಮುಚ್ಚಿ ವೆಲ್ಡ್ ಮಾಡಿಬಿಡಿ ಅಂತ ಸಲಹೆ ಕೊಟ್ಟವರಿದ್ದಾರೆ. ಹಾಗೆ ಮಾಡುವವರೂ ಇದ್ದಾರೆ. ಇದೇ ಕಾಲದ ಕರೇರಾ ಆರ್‌ಎಸ್ 2.7 ತುಂಬಾ ಹೆಸರು ಮಾಡಿದ ಹಗುರ ಕಾರು. ಅದರ ಹಾಗೆ ಕಾಣಲಿ ಅಂತ ಎಷ್ಟೋ ಸಾಮಾನ್ಯ 911ಗಳ ಸನ್‌ರೂಫ್ ಕಿತ್ತು ತಗಡು ಬೆಸೆದರು. ನನಗೆ ಇದು ಕರುಳು ಹಿಂಡುವ ವಿಷಯ. ಆಗ ಈ ಚಾವಣಿ ಬೇಕು ಅಂತ ಯಾರೋ ಆಸೆಪಟ್ಟು, ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದರು. ಕಾರಿನ ಕಥೆಯ ಒಂದು ಪುಟ ಅದು. ಹರಿದರೆ ಮತ್ತೆ ಅಂಟಿಸಲು ಆಗುವುದಿಲ್ಲ.

ಪೇಂಟ್ ಒಣಗಿದ ಮೇಲೆ ಹೊಸ ಫೆಲ್ಟ್ ಅಂಟಿಸಿದೆವು. ಆಮೇಲೆ ಎತ್ತರ ಹೊಂದಿಸುವುದು. ಮುಂದಿನ ಅಂಚು ಚಾವಣಿಗಿಂತ ಕೂದಲೆಳೆಯಷ್ಟು ಕೆಳಗೆ, ಹಿಂದಿನದು ಕೂದಲೆಳೆಯಷ್ಟು ಮೇಲೆ. ಒಂದು ಮಿಲಿಮೀಟರ್ ದಾಟಬಾರದು. ಮುಂದುಗಡೆ ಮೇಲೆದ್ದರೆ ಹೈವೇಯಲ್ಲಿ ಗಾಳಿ ಶಿಳ್ಳೆ ಹೊಡೆಯುತ್ತದೆ. ಇವರು ಸ್ಕೇಲ್ ಮುಟ್ಟಲೇ ಇಲ್ಲ. ಕಣ್ಣು ಮುಚ್ಚಿ ಅಂಗೈ ಸವರಿ ನೋಡಿ, "ಬಲಗಡೆ ಕಾಲು ಸುತ್ತು" ಅಂದರು. ತಿರುಗಿಸಿದೆ. ಮತ್ತೆ ಸವರಿ ತಲೆಯಾಡಿಸಿದರು.

ಪ್ಯಾನೆಲ್ ಕೂರಿಸುವ ಮುಂಚೆ ಕ್ಯಾಮೆರಾದಲ್ಲಿ ತೆಗೆದದ್ದು, ಮೊದಲಲ್ಲಿ ನೀವು ನೋಡಿದ ಆ ಚೊಂಬಿನ ನೀರು. ಈಗ ಪ್ಯಾನೆಲ್ ಮುಚ್ಚಿದೆ. ತೋಟದ ಪೈಪ್ ಹಿಡಿದು ಹತ್ತು ನಿಮಿಷ ನೀರು ಬಿಡುತ್ತಿದ್ದೇನೆ. ಒಳಗೆ ಸೀಟಿನ ಮೇಲೆ ಹಳೇ ಪೇಪರ್ ಹರಡಿ ಇವರು ಕೂತಿದ್ದಾರೆ. ನಾನು ಬಗ್ಗಿ ಕಾರಿನ ಅಡಿ ನೋಡಿದೆ. ಒಂದು, ಎರಡು, ಮೂರು. ನಾಲ್ಕನೆಯದು ಸ್ವಲ್ಪ ತಡವಾಗಿ ತೊಟ್ಟಿಕ್ಕಿ, ಆಮೇಲೆ ಸಣ್ಣ ಧಾರೆಯಾಯಿತು. ಒಳಗಿಂದ ಇವರು ಪೇಪರನ್ನು ಕಿಟಕಿಗೆ ಹಿಡಿದು ತೋರಿಸಿದರು. ಒಂದು ಹನಿಯೂ ಇಲ್ಲ.