ಪೊಲೆಂಟಾ ಒಂಟಿಯಾಗಿ ತಿನ್ನುವುದಲ್ಲ

ಎಲ್ಲರಿಗೂ ನಮಸ್ಕಾರ.

ತಿಂಡಿಗೆ ತಡ, ಊಟಕ್ಕೆ ಬೇಗ ಅನ್ನುವ ಹೊತ್ತಿನಲ್ಲಿ ಇಷ್ಟೊಂದು ಜನ ಬಂದಿದ್ದೀರಿ. ಬ್ರಂಚ್ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ. ಹಿಂದಿನ ಮೇಜಿನ ಮೇಲೆ ಒಲೆ ಇದೆ, ಬಾಣಲೆ ಇದೆ, ನಿನ್ನೆ ರಾತ್ರಿಯೇ ಬೇಯಿಸಿ ತಟ್ಟೆಗೆ ಸುರಿದಿಟ್ಟ ಪೊಲೆಂಟಾ, ಅಂದರೆ ಇಟಲಿಯವರ ಮೆಕ್ಕೆಜೋಳದ ಗಟ್ಟಿ ಗಂಜಿ, ಇದೆ. ಮೂರು ತಿನಿಸು ಹೇಳಿಕೊಡುತ್ತಾರೆ ಅಂತ ಕರಪತ್ರದಲ್ಲಿ ಹಾಕಿದ್ದಾರೆ. ಖಂಡಿತ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ಮಾತು ಹೇಳಲೇಬೇಕು.

ಇವತ್ತು ಯಾವ ಊರಿನ ಕೆಫೆಗೆ ಹೋದರೂ ಮೆನುವಿನಲ್ಲಿ ಪೊಲೆಂಟಾ ಒಂದು ಕಡೆ ಇರುತ್ತದೆ, ರಿಕೋಟಾ ಅನ್ನುವ ಇಟಲಿಯ ಮೆತ್ತನೆ ಚೀಸ್ ಇನ್ನೊಂದು ಕಡೆ. ಇದನ್ನು ತೊಗೊಂಡವರು ಅದನ್ನು ಕೇಳುವುದಿಲ್ಲ. ನನ್ನ ಪ್ರಕಾರ ಇವೆರಡೂ ಒಂದೇ ತಟ್ಟೆಯಲ್ಲಿ ಇರಬೇಕು. ರುಚಿಗೆ ಮಾತ್ರ ಅಲ್ಲ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇದೆ. ಆ ಇಲ್ಲದ್ದರಿಂದ ಉತ್ತರ ಇಟಲಿಯ ಹಳ್ಳಿಗಳಲ್ಲಿ ತಲೆಮಾರುಗಟ್ಟಲೆ ಜನ ನರಳಿದ್ದಾರೆ, ಸತ್ತಿದ್ದಾರೆ. ಅಡುಗೆಯ ತರಗತಿಯಲ್ಲಿ ಇದನ್ನು ಯಾಕೆ ಹೇಳುವುದಿಲ್ಲವೋ ಗೊತ್ತಿಲ್ಲ. ನಾನು ಹೇಳುತ್ತೇನೆ.

ಪೊಲೆಂಟಾ ಅಂದರೆ ಏನು ಅಂತ ನಿಮಗೆ ಗೊತ್ತಿದೆ. ಮೆಕ್ಕೆಜೋಳದ ರವೆಯನ್ನು ಉಪ್ಪುನೀರಿನಲ್ಲಿ ತಿರುವಿ ತಿರುವಿ ಬೇಯಿಸಿದ್ದು. ಮೊದಲು ಅದರಲ್ಲಿ ಮೆಕ್ಕೆಜೋಳ ಇರಲಿಲ್ಲ. ರೋಮನ್ನರ ಕಾಲದಿಂದಲೂ ಸಿರಿಧಾನ್ಯ, ಹಳೆಯ ತಳಿಯ ಗೋಧಿ, ಕಡಲೆ, ಚೆಸ್ಟ್‌ನಟ್ ಹಿಟ್ಟು ಹಾಕಿ ಇಂಥ ಗಂಜಿ ಮಾಡುತ್ತಿದ್ದರು. ಕೊಲಂಬಸ್ ಹೋಗಿ ಬಂದ ಮೇಲೆ ಅಮೆರಿಕದ ಮೆಕ್ಕೆಜೋಳ ಬಂತು. 16ನೇ ಶತಮಾನದಲ್ಲಿ ವೆನಿಸ್ ಸುತ್ತಮುತ್ತ ಬೆಳೆಯಲು ಶುರು ಮಾಡಿದರು. ಇಳುವರಿ ಜಾಸ್ತಿ. ಹೊಲದ ಒಡೆಯರಿಗೆ ಖುಷಿಯೋ ಖುಷಿ, ಗೋಧಿಯನ್ನು ಮಾರಬಹುದು, ದುಡಿಯುವವರಿಗೆ ಜೋಳ ಸಾಕು ಅಂತ. ಹಾಗೆ ಲೊಂಬಾರ್ದಿಯಲ್ಲಿ, ವೆನೆತೊದಲ್ಲಿ, ಫ್ರಿಯೂಲಿಯಲ್ಲಿ ಬೆಳಗ್ಗೆ ಪೊಲೆಂಟಾ, ಮಧ್ಯಾಹ್ನ ಪೊಲೆಂಟಾ, ರಾತ್ರಿಯೂ ಪೊಲೆಂಟಾ ಆಯಿತು. ಪಕ್ಕದಲ್ಲಿ ಏನೂ ಇಲ್ಲ.

ಇಲ್ಲಿ ನಿಮಗೆ ಗಯಟೆಯ ಕಥೆ ಹೇಳಬೇಕು. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

1786ರ ಸೆಪ್ಟೆಂಬರ್ 3. ಜರ್ಮನ್ ಕವಿ ಗಯಟೆ ಕಾರ್ಲ್ಸ್‌ಬಾದ್ ಎಂಬ ಊರಿನಿಂದ ಬೆಳಗಿನ ಜಾವ ಮೂರು ಗಂಟೆಗೆ ಯಾರಿಗೂ ಹೇಳದೆ ಕೇಳದೆ ಹೊರಟುಬಿಡುತ್ತಾನೆ. ಅವನಿಗೆ ಆಗ ತಾನೇ 37 ತುಂಬಿತ್ತು. ದೊಡ್ಡ ಹೆಸರು, ರಾಜನ ಆಸ್ಥಾನದಲ್ಲಿ ಕೆಲಸ. ಹೇಳಿದ್ದರೆ ಬಿಡುತ್ತಿರಲಿಲ್ಲ. ದಾರಿಯಲ್ಲಿ ಸುಳ್ಳು ಹೆಸರು ಹೇಳಿಕೊಂಡು ಕುದುರೆ ಗಾಡಿಯಲ್ಲಿ ಆಲ್ಪ್ಸ್ ಹತ್ತುತ್ತಾನೆ. ಕಲ್ಲಿನ ಜಾತಿ ನೋಡುತ್ತಾನೆ, ಮೋಡ ನೋಡುತ್ತಾನೆ, ಗಿಡ ನೋಡುತ್ತಾನೆ. ಬ್ರೆನ್ನರ್ ಕಣಿವೆ ದಾಟಿ ಆಚೆ ಇಳಿಯುತ್ತಿದ್ದ ಹಾಗೆ ಜನರನ್ನು ನೋಡುತ್ತಾನೆ. ಏನೋ ಸರಿ ಇಲ್ಲ. ಹೆಂಗಸರ ಮುಖ ಕಂದು ತಿರುಗಿ ಕಳೆಗುಂದಿದೆ. ಮಕ್ಕಳೂ ಹಾಗೇ. ಗಂಡಸರು ಪರವಾಗಿಲ್ಲ.

ಸುಂದರವಾದ ಬೆಟ್ಟ, ದ್ರಾಕ್ಷಿ ತೋಟ ಬಿಟ್ಟು ಅವನು ಈ ಜನ ಏನು ತಿನ್ನುತ್ತಾರೆ ಅಂತ ವಿಚಾರಿಸುತ್ತಾನೆ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ. ಉತ್ತರ ಸಿಗುತ್ತದೆ. ಮೆಕ್ಕೆಜೋಳ, ಇಲ್ಲವೇ ಬಕ್‌ವೀಟ್ ಅನ್ನುವ ಕಾಳು. ಹಿಟ್ಟು ಮಾಡಿ ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ ಹಾಗೇ ತಿನ್ನುವುದು. ಬೆಟ್ಟದ ಈಚೆಯ ಜರ್ಮನ್ನರು ಅದನ್ನೇ ಮುರಿದು ಬೆಣ್ಣೆಯಲ್ಲಿ ಹುರಿಯುತ್ತಾರೆ. ಆಚೆಯವರು ಸುಮ್ನೆ ಹಾಗೇ ತಿನ್ನುತ್ತಾರೆ, ಎಲ್ಲೋ ಒಮ್ಮೊಮ್ಮೆ ಮೇಲೆ ಒಂದಿಷ್ಟು ಚೀಸ್ ತುರಿಯುತ್ತಾರೆ, ವರ್ಷವಿಡೀ ಮಾಂಸ ಕಾಣುವುದಿಲ್ಲ. ಬೊಲ್ಜಾನೊದಲ್ಲಿ ತಾನು ಇಳಿದುಕೊಂಡ ಛತ್ರದವರ ಮಗಳನ್ನು ಕೇಳುತ್ತಾನೆ. ಇಲ್ಲಿ ಅನುಕೂಲಸ್ಥ ರೈತರೇ ಇಲ್ಲವೇನಮ್ಮ? ಇದ್ದಾರೆ ಅನ್ನುತ್ತಾಳೆ. ಮತ್ತೆ ಚೆನ್ನಾಗಿ ಯಾಕೆ ತಿನ್ನುವುದಿಲ್ಲ? ಅವರಿಗೆ ಇದೇ ಅಭ್ಯಾಸ. ದುಡ್ಡು ಎಲ್ಲಿ ಹೋಗುತ್ತದೆ? ಧಣಿಗಳಿದ್ದಾರಲ್ಲ, ಅವರು ತೊಗೊಳ್ಳುತ್ತಾರೆ.

ನೋಡಿ, ಆ ಹುಡುಗಿ ಇಡೀ ಚರಿತ್ರೆಯನ್ನು ಒಂದು ಸಾಲಿನಲ್ಲಿ ಹೇಳಿಬಿಟ್ಟಳು. ಪೊಲೆಂಟಾ ಅಂಟಿಕೊಂಡು ಕರುಳು ಕಟ್ಟುತ್ತದೆ ಅಂತ ಗಯಟೆ ಅಂದುಕೊಂಡ. ಕಾರಣ ಅದಲ್ಲ. ಆದರೆ ತಟ್ಟೆಯ ಕಡೆ ಬೆರಳು ತೋರಿಸಿದ್ದು ಸರಿ.

ಅದಕ್ಕೆ 15 ವರ್ಷ ಮೊದಲೇ, 1771ರಲ್ಲಿ, ಮಿಲಾನಿನ ವೈದ್ಯ ಫ್ರಾನ್ಸೆಸ್ಕೊ ಫ್ರಾಪೊಲ್ಲಿ ಹಳ್ಳಿಗರು ಹೇಳುತ್ತಿದ್ದ ರೋಗದ ಹೆಸರನ್ನು ಬರೆದಿಟ್ಟಿದ್ದ. ಪೆಲಾಗ್ರಾ. ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. 1881ರ ಗಣತಿಯಲ್ಲಿ ಇಟಲಿಯಲ್ಲಿ ಲಕ್ಷದ ಆಸುಪಾಸು ರೋಗಿಗಳು. ಬೂಸಲು ಹಿಡಿದ ಜೋಳದ ವಿಷ ಇದು ಅಂತ ಲೊಂಬ್ರೊಸೊ ಅನ್ನುವ ದೊಡ್ಡ ಪಂಡಿತ ವಾದಿಸಿದ. ನಿಜವಾದ ಉತ್ತರ ಸಿಕ್ಕಿದ್ದು ಅಮೆರಿಕದಲ್ಲಿ. ಇದು ಅಂಟುರೋಗ ಅಲ್ಲ, ಊಟದ ಕೊರತೆ ಅಂತ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ 1915ರಲ್ಲಿ ತೋರಿಸಿದ. ಕೊರತೆಯಾಗಿದ್ದು ನಯಾಸಿನ್ ಅನ್ನುವ ಬಿ ವಿಟಮಿನ್ ಅಂತ 1937ರಲ್ಲಿ ಗೊತ್ತಾಯಿತು. ಮೆಕ್ಕೆಜೋಳದಲ್ಲಿ ನಯಾಸಿನ್ ಇದೆ, ಆದರೆ ನಮ್ಮ ಹೊಟ್ಟೆಗೆ ದಕ್ಕದ ಹಾಗೆ ಕಟ್ಟಿಕೊಂಡಿದೆ. ಮೆಕ್ಸಿಕೊದ ಜನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಆ ಕಟ್ಟು ಬಿಡಿಸುತ್ತಿದ್ದರು. ಯುರೋಪಿನವರು ಬೀಜ ತಂದರು, ಸುಣ್ಣ ತರಲಿಲ್ಲ.

ಇದು ದೂರದ ಮಾತು ಅಂದುಕೊಳ್ಳಬೇಡಿ. ಹೈದರಾಬಾದ್ ಸುತ್ತ ಬಿಳಿಜೋಳವನ್ನೇ ನಂಬಿದ್ದ ಕೂಲಿಕಾರರಲ್ಲೂ ಪೆಲಾಗ್ರಾ ಕಂಡಿತ್ತು. ಪೌಷ್ಟಿಕಾಂಶ ವಿಜ್ಞಾನಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಹೊತ್ತಿಗೆ ಅದರ ಬೆನ್ನು ಹತ್ತಿದರು. ಇಲ್ಲಿ ಉತ್ತರ ಕರ್ನಾಟಕದವರು ಇದ್ದೀರಿ. ರೊಟ್ಟಿ ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ, ಮೊಸರು ಇಟ್ಟುಕೊಂಡು ತಿನ್ನುತ್ತೀರಲ್ವಾ? ಶೇಂಗಾದಲ್ಲಿ ನಯಾಸಿನ್ ತುಂಬಾ ಇದೆ. ಪಕ್ಕದಲ್ಲಿ ಏನಿದೆ ಅನ್ನುವುದು ಅಷ್ಟು ಮುಖ್ಯ.

ಹಾಗಾದರೆ ಪೊಲೆಂಟಾದ ಪಕ್ಕದಲ್ಲಿ ಏನು? ರಿಕೋಟಾ. ಮೆಕ್ಕೆಜೋಳದ ಪ್ರೋಟೀನಿನಲ್ಲಿ ಟ್ರಿಪ್ಟೋಫ್ಯಾನ್ ಕಮ್ಮಿ, ಲೈಸಿನ್ ಕಮ್ಮಿ, ಎರಡೂ ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳು. ರಿಕೋಟಾದಲ್ಲಿ ಎರಡೂ ಧಾರಾಳ. ಟ್ರಿಪ್ಟೋಫ್ಯಾನ್ ಸಿಕ್ಕರೆ ದೇಹ ತಾನೇ ನಯಾಸಿನ್ ಮಾಡಿಕೊಳ್ಳುತ್ತದೆ. ಅದಕ್ಕೇ ಹೇಳುವುದು, ಒಂದೇ ತಟ್ಟೆಯಲ್ಲಿ ಇರಲಿ ಅಂತ.

ರಿಕೋಟಾ ಮಾಡುವುದನ್ನು ರೋಮ್ ಹತ್ತಿರದ ಒಂದು ಕುರಿ ಸಾಕುವವರ ಮನೆಯಲ್ಲಿ ನೋಡಿದ್ದೇನೆ. ಮೊದಲು ಪೆಕೊರಿನೊ ಚೀಸ್. ಕುರಿ ಹಾಲನ್ನು ಬೆಚ್ಚಗೆ ಮಾತ್ರ ಮಾಡಿ ರೆನೆಟ್ ಅನ್ನುವ, ಹಾಲು ಹೆಪ್ಪುಗಟ್ಟಿಸುವ ಕಿಣ್ವ ಹಾಕುತ್ತಾರೆ. ಹೆಪ್ಪುಗಟ್ಟಿದ್ದನ್ನು ಎತ್ತಿಕೊಂಡರೆ ಹಸಿರು ಛಾಯೆಯ ತಿಳಿ ನೀರು ಉಳಿಯುತ್ತದೆ. ಚೀಸ್ ಮಾರಾಟಕ್ಕೆ, ಈ ನೀರು ಮತ್ತೆ ಒಲೆಗೆ. ಮನೆಯ ಅಜ್ಜಿ ಉದ್ದ ಕೋಲಿನಿಂದ ತಳ ತಾಗದ ಹಾಗೆ ತಿರುವುತ್ತಾ ಇದ್ದರು. 80 ಡಿಗ್ರಿ ದಾಟುವಾಗ ಕೋಲು ಎತ್ತಿಬಿಟ್ಟರು. ಮಾತಾಡುತ್ತಿದ್ದ ನನಗೂ ಕೈ ತೋರಿಸಿ ಸುಮ್ಮನಿರು ಅಂದರು, ನನ್ನ ಮಾತಿಗೆ ಹಾಲು ಕದಡುತ್ತದೋ ಏನೋ ಅನ್ನುವ ಹಾಗೆ! ಒಂದೊಂದೇ ಬಿಳಿ ಎಸಳು ಮೇಲೆದ್ದಿತು. ನೋಡನೋಡುತ್ತಾ ಹಂಡೆಯ ಮೇಲೆಲ್ಲ ಬೆಳ್ಳಗೆ ಮುಚ್ಚಿಕೊಂಡಿತು. ತೂತಿನ ಸೌಟಿನಲ್ಲಿ ಮೆಲ್ಲಗೆ ಎತ್ತಿ ಪುಟ್ಟ ಬುಟ್ಟಿಗಳಿಗೆ ಹಾಕಿದರು. ಒತ್ತಲಿಲ್ಲ, ಹಿಂಡಲಿಲ್ಲ. ಬಿಸಿಬಿಸಿ ಒಂದು ಬಟ್ಟಲು ನನ್ನ ಕೈಗೂ ಕೊಟ್ಟರು. ಉಪ್ಪಿಲ್ಲ, ಹುಳಿಯಿಲ್ಲ, ಹಾಲಿನ ಸಿಹಿ ಅಷ್ಟೇ.

ಹಿಂದಿನ ಸಾಲಿನಿಂದ ಒಬ್ಬರು ಗಿಣ್ಣು ಅಂದರು. ಸರಿಯಾಗಿ ಹೇಳಿದಿರಿ ಅಮ್ಮ! ಗಿಣ್ಣುಹಾಲಿಗೆ ಹುಳಿ ಹಿಂಡುವುದಿಲ್ಲ, ಬಿಸಿಗೆ ತಾನಾಗಿ ಗಟ್ಟಿಯಾಗುತ್ತದೆ. ಕರು ಹಾಕಿದ ಹೊಸದರಲ್ಲಿ ಹಾಲಿನಲ್ಲಿ ಈ ಬಿಸಿಗೆ ಕಟ್ಟುವ ಪ್ರೋಟೀನು ವಿಪರೀತ ಇರುತ್ತದೆ. ರಿಕೋಟಾ ಕಟ್ಟುವುದೂ ಅದೇ ಬಗೆಯ ಪ್ರೋಟೀನಿನಿಂದ.

ನಾವು ಮನೆಯಲ್ಲಿ ನಿಂಬೆಹಣ್ಣು ಹಿಂಡಿ ಒಡೆಸುವುದು ಬೇರೆ. ಪನೀರ್ ಮಾಡಿ ಉಳಿದ ನೀರಿನಿಂದ ರಿಕೋಟಾ ತೆಗೆಯುತ್ತೇನೆ ಅಂತ ಹೋದರೆ ಹೆಚ್ಚೇನೂ ಸಿಗುವುದಿಲ್ಲ. ಹಾಲು ಕುದಿಸಿದಾಗಲೇ ಆ ಪ್ರೋಟೀನು ಪನೀರಿನ ಜೊತೆ ಸೇರಿಕೊಂಡಿರುತ್ತದೆ. ಹಾಗಂತ ಬೇಜಾರು ಬೇಡ. ಒಂದು ಲೀಟರ್ ಗಟ್ಟಿ ಹಾಲು, ಚಿಟಿಕೆ ಉಪ್ಪು. ಕುದಿ ಬರುವ ಮೊದಲೇ ಉರಿ ಆರಿಸಿ, ಎರಡು ಚಮಚ ನಿಂಬೆರಸ ಹಾಕಿ, ಒಂದೇ ಸಲ ಕದಡಿ ಹತ್ತು ನಿಮಿಷ ಬಿಟ್ಟುಬಿಡಿ. ತೆಳು ಬಟ್ಟೆಯಲ್ಲಿ ಸೋಸಿ. ದಯವಿಟ್ಟು ಮೇಲೆ ಕಲ್ಲು ಹೇರಬೇಡಿ. ಸುಮಾರು 200 ಗ್ರಾಂ ಮೆತ್ತನೆಯದು ಸಿಗುತ್ತದೆ. ನಮ್ಮ ಬ್ರಂಚಿಗೆ ಇದು ಸಾಕು. ಉಳಿದ ನೀರನ್ನು ಚೆಲ್ಲಬೇಡಿ, ಪೊಲೆಂಟಾ ಬೇಯಿಸಲು ಬೇಕು.

ಹತ್ತು ನಿಮಿಷ ಅಂತ ಚೀಟಿ ಬಂದಿದೆ. ಒಲೆ ಹಚ್ಚಿಬಿಡಪ್ಪ, ಹೇಳುತ್ತಾ ಹೋಗುತ್ತೇನೆ.

ರವೆ ಕೊಳ್ಳುವಾಗ ಎಚ್ಚರ. ನಮ್ಮ ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಅಂದರೆ ಬಿಳಿ ಸ್ಟಾರ್ಚು, ಅದು ಬೇಡವೇ ಬೇಡ. ರೊಟ್ಟಿ ಮಾಡುವ ನುಣ್ಣನೆ ಹಿಟ್ಟೂ ಬೇಡ, ಅಂಟಾಗುತ್ತದೆ. ಮೆಕ್ಕೆಜೋಳದ ರವೆ ಕೇಳಿ. ಹಾವೇರಿ ಕಡೆಯವರು ಗೋವಿನಜೋಳ ಅನ್ನುತ್ತಾರೆ, ನಮ್ಮ ಕಡೆ ಮುಸುಕಿನ ಜೋಳ. ದಾವಣಗೆರೆ, ಹಾವೇರಿಯಲ್ಲಿ ರಾಶಿ ರಾಶಿ ಬೆಳೆಯುತ್ತೇವೆ, ಬಹುಪಾಲು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುತ್ತದೆ. ಅದರ ಬಗ್ಗೆ ಇನ್ನೊಂದು ದಿನ ಜಗಳ ಆಡೋಣ.

ಒಂದು ಅಳತೆ ರವೆಗೆ ನಾಲ್ಕು ಅಳತೆ ನೀರು. ನೀರು ಕುದಿಯುವಾಗ ಉಪ್ಪು ಹಾಕಿ, ರವೆಯನ್ನು ಮಳೆ ಸುರಿದ ಹಾಗೆ ಉದುರಿಸುತ್ತಾ ತಿರುವಿ. ಆಮೇಲೆ ಸಣ್ಣ ಉರಿ, 40 ನಿಮಿಷ. ಐದು ನಿಮಿಷಕ್ಕೇ ಗಟ್ಟಿಯಾಯಿತು ಅಂತ ಇಳಿಸಬೇಡಿ, ಒಳಗೆ ಹಸಿ ಇರುತ್ತದೆ, ನಾಲಿಗೆಗೆ ಮರಳು ಸಿಕ್ಕ ಹಾಗಾಗುತ್ತದೆ. ಬೆಂದದ್ದು ಪಾತ್ರೆಯ ಅಂಚು ಬಿಡುತ್ತದೆ. ಕುದಿಯುವಾಗ ಎಗರುತ್ತದೆ, ಮುಖ ಹತ್ತಿರ ತರಬೇಡಿ. ಎಣ್ಣೆ ಸವರಿದ ತಟ್ಟೆಗೆ ಒಂದು ಬೆರಳು ದಪ್ಪ ಸುರಿದು ರಾತ್ರಿಯೆಲ್ಲ ಬಿಟ್ಟರೆ ಕತ್ತರಿಸಲು ಬರುವಷ್ಟು ಗಟ್ಟಿ. ಇದೇ ಇದು, ನೋಡಿ.

ಮೊದಲನೆಯ ತಿನಿಸು. ತುಂಡನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಚೆನ್ನಾಗಿ ಕಾದ ಕಬ್ಬಿಣದ ಕಾವಲಿಯ ಮೇಲೆ ಬೆಣ್ಣೆ ಮತ್ತು ಎಣ್ಣೆಯಲ್ಲಿ ಇಡಿ. ಮುಟ್ಟಬೇಡಿ. ಐದು ನಿಮಿಷ ಸೌಟು ಕೆಳಗಿಟ್ಟುಬಿಡಿ. ಹೊರಪದರ ಗರಿಯಾದ ಮೇಲೆ ಅದೇ ಕಾವಲಿ ಬಿಡುತ್ತದೆ, ಆಗ ಮಗುಚಿ. ಕಿರ್ ಅನ್ನುವ ಸದ್ದು ಕೇಳಿಸಿತಲ್ವಾ? ಬಿಸಿ ತುಂಡಿನ ಮೇಲೆ ತಣ್ಣನೆ ರಿಕೋಟಾ ಒಂದು ದೊಡ್ಡ ಚಮಚ. ಅದರ ಮೇಲೆ ಜೇನು, ಕುಟ್ಟಿದ ಮೆಣಸು. ಸಿಹಿ ಬೇಡದವರಿಗೆ ಬಾಡಿಸಿದ ಟೊಮೆಟೊ. ಒಳಗೆ ಮೆತ್ತಗೆ, ಹೊರಗೆ ಗರಿಗರಿ, ಮೇಲೆ ತಂಪು.

ಎರಡನೆಯದು ಮೆತ್ತನೆ ಪೊಲೆಂಟಾ. ನೀರು ಐದು ಅಳತೆ, ಅದರಲ್ಲಿ ಅರ್ಧ ಹಾಲೊಡೆದ ನೀರು. ಹುಳಿ ಬರುತ್ತದೆ, ಉಪ್ಪು ನೋಡಿಕೊಂಡು ಹಾಕಿ. ಇಳಿಸಿದ ಮೇಲೆ ರಿಕೋಟಾವನ್ನು ಕಲಸಬೇಡಿ, ಅಲ್ಲಲ್ಲಿ ಗಂಟಾಗಿಯೇ ಇರಲಿ. ಬೆಳ್ಳುಳ್ಳಿ ಹಾಕಿ ಬಾಡಿಸಿದ ಪಾಲಕ್, ಮೊಟ್ಟೆ ತಿನ್ನುವವರಿಗೆ ಅರೆಬೆಂದ ಮೊಟ್ಟೆ.

ಮೂರನೆಯದು ರಿಕೋಟಾ ಹಾಟ್‌ಕೇಕ್, ದಪ್ಪ ದೋಸೆಯಂಥದ್ದು. ಇದು ಇಟಲಿಯದಲ್ಲ. ಸಿಡ್ನಿಯಲ್ಲಿ 1993ರಲ್ಲಿ ಕೆಫೆ ತೆರೆದ ಬಿಲ್ ಗ್ರೇಂಜರ್ ಇದನ್ನು ಜಗತ್ತಿಗೆಲ್ಲ ಹಬ್ಬಿಸಿದರು. ಇಟಲಿಯ ಜನ ಬೆಳಗ್ಗೆ ಕಾಫಿ, ಒಂದು ಸಿಹಿ ಬನ್ನು ಮುಗಿಸಿ ಎದ್ದುಬಿಡುತ್ತಾರೆ. ವಿವರ ಹೇಳಲು ಸಮಯ ಇಲ್ಲ. ಮೊಟ್ಟೆಯ ಬಿಳಿಯನ್ನು ಬೇರೆ ಮಾಡಿ ನೊರೆ ಬರಿಸಿ ಕೊನೆಗೆ ಸೇರಿಸಿ, ಮೈದಾದ ಮೂರನೇ ಒಂದು ಭಾಗ ತೆಗೆದು ಅದರ ಬದಲು ಮೆಕ್ಕೆಜೋಳದ ಸಣ್ಣ ರವೆ ಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿ. ಇಲ್ಲೂ ಜೋಳ ಇದೆ, ಪಕ್ಕದಲ್ಲೇ ರಿಕೋಟಾ ಇದೆ.

ಮೊದಲ ಬಾಣಲೆ ಇಳಿಯಿತು. ಮಕ್ಕಳಿರುವವರು ಮುಂದೆ ಬನ್ನಿ, ಜೇನು ಎಡಗಡೆ, ಟೊಮೆಟೊ ಬಲಗಡೆ ಇದೆ. ಪ್ರಶ್ನೆ ಇದ್ದರೆ ತಟ್ಟೆ ಹಿಡಿದುಕೊಂಡೇ ಕೇಳಿ, ಬಿಸಿ ಆರಿದರೆ ಗರಿ ಹೋಗುತ್ತದೆ.